ಟಾರ್ಚ್ ಹಾಕಿ ನೋಡಿದ ಲೆನ್ಸು

ಬೀದರ್ ಜಿಲ್ಲೆಯ ಸಣ್ಣ ಊರುಗಳ ಫೋಟೊ ಸ್ಟುಡಿಯೊಗಳಿಗೆ ಹೊಚ್ಚ ಹೊಸ ಲೆನ್ಸು ಬರುವುದು ಅಪರೂಪ. ಹೈದರಾಬಾದಿನಲ್ಲಿ ಯಾರೋ ಬಳಸಿದ್ದು ಹುಮನಾಬಾದಿಗೆ ಬರುತ್ತದೆ. ಹುಮನಾಬಾದಿನವರು ಕೆಲವು ಮದುವೆ ಸೀಸನ್ನು ದುಡಿಸಿಕೊಂಡು ಚಿಟಗುಪ್ಪಕ್ಕೋ ಬಸವಕಲ್ಯಾಣಕ್ಕೋ ದಾಟಿಸುತ್ತಾರೆ. ಅಲ್ಲಿಂದ ಅದು ಬೇಮಳಖೇಡದಂಥ ಊರಿನಲ್ಲಿ ಈಗಷ್ಟೇ ಕೆಲಸ ಕಲಿತ ಹುಡುಗನ ಕೈಗೆ ಬೀಳುತ್ತದೆ. ಹಳೆ ಲಾರಿ ಎಷ್ಟು ಕಿಲೋಮೀಟರ್ ಓಡಿದೆ ಎಂದು ಹೇಳಲು ಮೀಟರ್ ಇರುತ್ತದೆ. ಡಿಜಿಟಲ್ ಕ್ಯಾಮೆರಾದ ಶಟರ್ ಎಷ್ಟು ಸಲ ಬಿದ್ದಿದೆ ಎಂಬುದನ್ನೂ ಪತ್ತೆ ಹಚ್ಚಬಹುದು. ಲೆನ್ಸಿಗೆ ಅಂಥ ಯಾವ ಲೆಕ್ಕವೂ ಇಲ್ಲ. ಎಷ್ಟು ಮಳೆಗಾಲ ಕಂಡಿದೆ, ಎಷ್ಟು ಸಲ ಕೈಜಾರಿ ಬಿದ್ದಿದೆ, ಯಾರ ಅಲಮಾರಿಯಲ್ಲಿ ಎಷ್ಟು ಕಾಲ ಮಲಗಿದೆ ಎಂಬುದನ್ನು ಕೊಳ್ಳುವವನು ತನ್ನ ಕಣ್ಣು, ಕಿವಿ, ಬೆರಳುಗಳಿಂದಲೇ ತಿಳಿದುಕೊಳ್ಳಬೇಕು.

ಬೇಮಳಖೇಡದ ಒಬ್ಬ ಹುಡುಗ ಅದನ್ನು ಕಲಿತದ್ದು 2012ರ ಆಸುಪಾಸಿನಲ್ಲಿ.

ಬೇಮಳಖೇಡ ಆಗ ಹುಮನಾಬಾದ ತಾಲೂಕಿನ ಹೋಬಳಿ ಊರು. ಚಿಟಗುಪ್ಪ ಹೊಸ ತಾಲೂಕಾದ ಮೇಲೆ ಅದರ ಪಾಲಿಗೆ ಬಂದಿದೆ. ಅಲ್ಲಿಂದ ಬೆಂಗಳೂರಿಗೆ ಹೋಗಬೇಕೆಂದರೆ ಒಂದು ರಾತ್ರಿ ಪೂರ್ತಿ ಪ್ರಯಾಣ. ಹೈದರಾಬಾದಿಗಾದರೆ ಹೆದ್ದಾರಿಗೆ ಬಂದು ಜಹೀರಾಬಾದ್ ಕಡೆಯ ಬಸ್ ಹತ್ತಿದರೆ ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಈ ಸೀಮೆ 1948ರವರೆಗೆ ನಿಜಾಮರ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ನಕಾಶೆ ಬದಲಾದರೂ ಆಸ್ಪತ್ರೆಗೆ, ಮದುವೆಯ ಬಟ್ಟೆಗೆ, ಯಂತ್ರದ ಬಿಡಿಭಾಗಕ್ಕೆ ಜನ ಹೋಗುವುದು ಹೈದರಾಬಾದಿಗೇ. ಫೋಟೊದ ಕಸುಬಿನಲ್ಲೂ ಅದು ಹಳೆಯ ಊರು. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿದ್ದ, 1905ರಲ್ಲಿ ತೀರಿಕೊಂಡ ರಾಜಾ ದೀನ್ ದಯಾಳರ ಸ್ಟುಡಿಯೊ ಇದ್ದದ್ದು ಸಿಕಂದರಾಬಾದಿನಲ್ಲಿ.

ಹುಡುಗ ಕೆಲಸಕ್ಕಿದ್ದದ್ದು ಹುಮನಾಬಾದಿನ ಒಂದು ಸ್ಟುಡಿಯೊದಲ್ಲಿ. ಮಾಲೀಕರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅಲ್ಲಿದ್ದ ಕ್ಯಾಮೆರಾ ನಿಕಾನ್ ಡಿ90. 2008ರಲ್ಲಿ ಬಂದ ಈ ಮಾಡೆಲ್ಲು ಆ ದಿನಗಳಲ್ಲಿ ಸಣ್ಣ ಊರಿನ ಸ್ಟುಡಿಯೊಗಳ ಬೆನ್ನೆಲುಬಾಗಿತ್ತು. ಅದರ ಜತೆಗಿದ್ದ 18-55 ಎಂಎಂ ಜೂಮ್ ಲೆನ್ಸು ಅಂಗಳದ ಬಿಸಿಲಿನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ರಾತ್ರಿ ಮದುವೆಯಲ್ಲಿ, ಹಳೆ ಮನೆಯ ಪಡಸಾಲೆಯಲ್ಲಿ, ಕರೆಂಟು ಹೋಗಿ ಜನರೇಟರ್ ಹಚ್ಚಿದ ಮಂಟಪದಲ್ಲಿ ಸೋಲುತ್ತಿತ್ತು. ಜೂಮನ್ನು ಪೂರ್ತಿ ಚಾಚಿದರೆ ಅದರ ಅಪರ್ಚರ್, ಅಂದರೆ ಅಂಕಿ ಸಣ್ಣದಾದಷ್ಟೂ ಅಗಲವಾಗುವ ಬೆಳಕಿನ ಕಿಂಡಿ, 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂ 1.8 ಲೆನ್ಸು ಅದರ ಒಂಬತ್ತು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಫ್ಲಾಶ್ ಹೊಡೆದು ಮದುಮಗಳ ಮುಖವನ್ನು ಬಿಳಿಚಿಸುವ ಬದಲು ದೀಪದ ಬೆಳಕಿನಲ್ಲೇ ತೆಗೆಯಬಹುದು ಎಂಬ ಆಸೆ ಹುಡುಗನಿಗೆ ಹತ್ತಿದ್ದು ಹೀಗೆ. ಹೊಸದಕ್ಕೆ ದುಡ್ಡಿರಲಿಲ್ಲ. 2011ರಲ್ಲಿ ನಿಕಾನ್ ಕಂಪನಿ ಒಳಗೇ ಫೋಕಸ್ ಮೋಟಾರಿರುವ 50 ಎಂಎಂ 1.8ಜಿ ತಂದಿತ್ತು. ಹಾಗಾಗಿ ಅದಕ್ಕೂ ಹಿಂದಿನ 1.8ಡಿ ಲೆನ್ಸನ್ನು ಕೆಲವರು ಮಾರುತ್ತಿದ್ದರು. ಅವನ ಕಣ್ಣು ಅದರ ಮೇಲೆ ಬಿತ್ತು.

ಮೊದಲ ಪಾಠ ಕ್ಯಾಮೆರಾ ಗೊತ್ತೇ ಇಲ್ಲದವರಿಂದ ಬಂತು. ಅವನ ಸೋದರಮಾವ ಲಾರಿ ಮೇಸ್ತ್ರಿ. ಬಸವಕಲ್ಯಾಣದ ಹೊರಗೆ, ಹೆದ್ದಾರಿಯ ಸಸ್ತಾಪುರ ಬಂಗ್ಲಾ ಬಳಿಯ ಆಟೊ ನಗರದಲ್ಲಿ ಅವರ ಗ್ಯಾರೇಜು. ಲಾರಿ ರಿಪೇರಿಗೆ, ಬಾಡಿ ಕಟ್ಟುವ ಕೆಲಸಕ್ಕೆ, ಹಳೆ ಗಾಡಿಗಳ ವ್ಯಾಪಾರಕ್ಕೆ ಹೆಸರಾದ ಜಾಗ ಅದು. ಹಳೆ ಗಾಡಿ ಕೊಳ್ಳಲು ಬಂದವರು ಮಾವನನ್ನು ಜತೆಗೆ ಕರೆದೊಯ್ಯುತ್ತಿದ್ದರು. ಅವರು ಗಾಡಿಯ ಸುತ್ತ ಮಾತಿಲ್ಲದೆ ಒಂದು ಸುತ್ತು ಹಾಕಿ, ಅಡಿಗೆ ಮಲಗಿ, ಎದ್ದು ಬಂದು, ಇಂಜಿನ್ ಚಾಲೂ ಮಾಡಿಸಿ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದರು.

“ತಮ್ಮಾ, ಬಣ್ಣ ನೋಡಬ್ಯಾಡ, ಬೋಲ್ಟ್ ನೋಡು,” ಎಂದಿದ್ದರು ಮಾವ. “ಯಾರರೆ ಬಿಚ್ಚಿದ್ರಂದ್ರ ಪಾನಾ ಹಚ್ಚಿದ ಗುರ್ತು ಬೋಲ್ಟಿನ ತಲಿ ಮ್ಯಾಲೆ ಇದ್ದೇ ಇರ್ತದ.”

ಲೆನ್ಸಿಗೂ ಆ ಮಾತು ಅಕ್ಷರಶಃ ಸಲ್ಲುತ್ತದೆ. ಕ್ಯಾಮೆರಾಕ್ಕೆ ಕೂಡುವ ಹಿಂಬದಿಯ ಲೋಹದ ಬಳೆಗೆ, ಅಂದರೆ ಮೌಂಟಿಗೆ, ಸಣ್ಣ ಸ್ಕ್ರೂಗಳಿರುತ್ತವೆ. ಕಂಪನಿಯಿಂದ ಬಂದ ಲೆನ್ಸಿನಲ್ಲಿ ಅವುಗಳ ತಲೆ ನುಣುಪಾಗಿ, ತೋಡು ಸ್ವಚ್ಛವಾಗಿ ಇರುತ್ತದೆ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಇಲ್ಲದೆ ಬಿಚ್ಚಿದ್ದರೆ ತೋಡು ಹರಿದು ಲೋಹದ ಹೊಳಪು ಕಾಣುತ್ತದೆ. ಬಿಚ್ಚಿದ್ದಾರೆ ಎಂದ ಮಾತ್ರಕ್ಕೆ ಲೆನ್ಸು ಕೆಟ್ಟಿದೆ ಎಂದಲ್ಲ, ಒಳ್ಳೆಯ ಮೆಕ್ಯಾನಿಕ್ ಸ್ವಚ್ಛ ಮಾಡಿಕೊಟ್ಟಿರಬಹುದು. ಆದರೆ ಏಕೆ ಬಿಚ್ಚಿದರು ಎಂಬ ಪ್ರಶ್ನೆ ಕೇಳಲು ಆಗ ಒಂದು ಕಾರಣ ಸಿಗುತ್ತದೆ. ಹಾಗೆಯೇ ಮುಂಭಾಗದಲ್ಲಿ ಫಿಲ್ಟರ್ ಕೂರುವ ಅಂಚು ಎಲ್ಲಾದರೂ ಚಪ್ಪಟೆಯಾಗಿದ್ದರೆ ಲೆನ್ಸು ಆ ಕಡೆಗೆ ಬಿದ್ದಿದೆ ಎಂದರ್ಥ. ಬಿದ್ದ ಲೆನ್ಸಿನ ಗಾಜು ಒಡೆಯದಿದ್ದರೂ ಒಳಗಿನ ಒಂದು ಗಾಜು ಕೂದಲೆಳೆಯಷ್ಟು ಸರಿದರೆ ಸಾಕು, ಚಿತ್ರದ ಒಂದು ಮೂಲೆ ಚೂಪಾಗಿ ಇನ್ನೊಂದು ಮೂಲೆ ಮಸುಕಾಗಿ ಬರುತ್ತದೆ.

ಎರಡನೆಯ ಪಾಠ ಕಾಕಾನದು. ಗೀರಿದ್ದ ಲೆನ್ಸು ಎಂದರೆ ಹುಡುಗ ಹೌಹಾರುತ್ತಿದ್ದುದನ್ನು ಕಂಡು ಅವರು ಒಂದು ಮಧ್ಯಾಹ್ನ ಸ್ಟುಡಿಯೊದಲ್ಲಿ ಪ್ರಯೋಗ ಮಾಡಿ ತೋರಿಸಿದರು. ಪಕ್ಕದ ಊರಿನ ಗೆಳೆಯರೊಬ್ಬರಿಂದ ತಂದಿದ್ದ 50 ಎಂಎಂ 1.8ಡಿ ಲೆನ್ಸಿಗೆ ಒಂದು ಫಿಲ್ಟರ್ ಹಾಕಿ, ಫಿಲ್ಟರ್ ಗಾಜಿನ ನಡುವೆ ತೊಗರಿ ಕಾಳಿನಷ್ಟು ಕಪ್ಪು ಕಾಗದ ಅಂಟಿಸಿದರು. ಅಪರ್ಚರ್ 1.8ಕ್ಕಿಟ್ಟು ಬಿಳಿ ಗೋಡೆಯ ಫೋಟೊ ತೆಗೆದರು. ಚಿತ್ರದಲ್ಲಿ ಕಾಗದದ ಸುಳಿವೇ ಇಲ್ಲ. ಅಪರ್ಚರನ್ನು 16ಕ್ಕೆ ಇಳಿಸಿ ಮತ್ತೆ ತೆಗೆದರು. ಈ ಸಲ ನಡುವೆ ಮಸುಕಾದ ಕಪ್ಪು ನೆರಳು ಎದ್ದು ಕಂಡಿತು.

ಕಾರಣ ಸರಳ ಗಣಿತದಲ್ಲಿದೆ. 50ನ್ನು 1.8ರಿಂದ ಭಾಗಿಸಿದರೆ ಬೆಳಕು ಹಾಯುವ ದಾರಿ ಸುಮಾರು 28 ಮಿಲಿಮೀಟರ್ ಅಗಲ. ಆ ಅಗಲದಲ್ಲಿ ಒಂದು ಕಾಳಿನಷ್ಟು ಅಡ್ಡಿ ಏನೂ ಅಲ್ಲ, ಅದರ ಸುತ್ತ ಬಂದ ಬೆಳಕೇ ಚಿತ್ರವನ್ನು ತುಂಬಿಕೊಡುತ್ತದೆ. 50ನ್ನು 16ರಿಂದ ಭಾಗಿಸಿದರೆ ದಾರಿ ಮೂರೇ ಮಿಲಿಮೀಟರ್. ಅಲ್ಲಿ ಕಾಳೇ ಬಾಗಿಲು ಮುಚ್ಚುತ್ತದೆ. ಹಿಂದಿನ ಗಾಜಿನ ಕಥೆ ಇನ್ನೂ ಬಿಗಿ. ಅದು ಸೆನ್ಸರಿಗೆ ಹತ್ತಿರ ಇರುವುದರಿಂದ ಅಲ್ಲಿ ಬೆಳಕಿನ ಕಿರಣಗಳು ಒತ್ತಾಗಿ ಹಾಯುತ್ತವೆ, ಸಣ್ಣ ಗೀರೂ ಚಿತ್ರಕ್ಕೆ ಇಳಿಯುತ್ತದೆ. ಆದ್ದರಿಂದ ಮುಂದಿನ ಗಾಜಿನ ಒಂದು ಗೀರಿಗೆ ಬೆಲೆಯಲ್ಲಿ ಚೌಕಾಶಿ ಮಾಡಿ ಲೆನ್ಸು ತೆಗೆದುಕೊಳ್ಳಬಹುದು, ಹಿಂದಿನ ಗಾಜಿನ ನಡುವೆ ಗೀರಿದ್ದರೆ ಬಿಟ್ಟು ಬರಬೇಕು. ಈ ವ್ಯತ್ಯಾಸ ಕಾಕಾ ಬಾಯಲ್ಲಿ ಹೇಳಿದ್ದರೆ ಅವನು ಮರೆಯುತ್ತಿದ್ದನೋ ಏನೋ. ಕಂಪ್ಯೂಟರ್ ಪರದೆಯ ಮೇಲೆ ಅಕ್ಕಪಕ್ಕ ಇಟ್ಟ ಆ ಎರಡು ಗೋಡೆಗಳು ಅವನ ತಲೆಯಲ್ಲಿ ಕಾಯಂ ಉಳಿದವು. ಕಲೆ ಎಲ್ಲಿದೆ, ಎಷ್ಟಿದೆ ಎಂದು ನೋಡಿದರೆ ಕೆಲಸ ಅರ್ಧ ಮುಗಿದಂತೆ. ಅದು ಚಿತ್ರಕ್ಕೆ ಬರುತ್ತದೆಯೇ, ಬಂದರೆ ಯಾವಾಗ ಬರುತ್ತದೆ ಎಂದು ನೋಡುವುದು ಉಳಿದರ್ಧ.

ಹುಡುಕಾಟ ಶುರುವಾದದ್ದು ಹೈದರಾಬಾದಿನ ಕೋಠಿಯಲ್ಲಿ. ಅಲ್ಲಿನ ಗುಜರಾತಿ ಗಲ್ಲಿ ಎಲೆಕ್ಟ್ರಾನಿಕ್ಸ್, ಕ್ಯಾಮೆರಾ ಸಾಮಾನಿನ ಅಂಗಡಿಗಳಿಂದ ಕಿಕ್ಕಿರಿದಿರುತ್ತದೆ. ಮಾವ ತಮ್ಮ ಗ್ಯಾರೇಜಿನ ಟಾರ್ಚನ್ನು ಕೊಟ್ಟು ಕಳಿಸಿದ್ದರು. ಒಂದು ಅಂಗಡಿಯಲ್ಲಿ ಡಬ್ಬಿ, ವಾರಂಟಿ ಕಾರ್ಡು, ಎರಡೂ ಮುಚ್ಚಳ ಸಮೇತ 1.8ಡಿ ಲೆನ್ಸು ಸಿಕ್ಕಿತು. ಹೊರಗೆ ಒಂದು ಗೀರಿಲ್ಲ. “ದೇಖ್‌ಲೋ ಭಾಯ್, ಏಕ್‌ದಮ್ ನಯಾ ಹೈ,” ಎಂದು ಅಂಗಡಿಯವರು ಕೈಗೆ ಕೊಟ್ಟರು.

ಟಾರ್ಚ್ ಹಾಕಿ ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ಅಪರ್ಚರನ್ನು ಪೂರ್ತಿ ತೆರೆಯಬೇಕು. ಲೆನ್ಸಿನ ಹಿಂಬದಿಯಿಂದ ಬೆಳಕನ್ನು ನೇರ ಬಿಡದೆ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಬೇಕು, ಆಮೇಲೆ ತಿರುಗಿಸಿ ಮುಂದಿನಿಂದ ಬಿಟ್ಟು ಹಿಂದಿನಿಂದ. ನೇರ ಬೆಳಕಿನಲ್ಲಿ ಕಣ್ಣು ಕುಕ್ಕುತ್ತದೆ, ಏನೂ ಕಾಣದು. ಓರೆ ಬೆಳಕಿನಲ್ಲಿ ಎಲ್ಲವೂ ಕಾಣುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ ಕಾಣುತ್ತದೆ. ಹೊಸ ಲೆನ್ಸಿನಲ್ಲೂ ನಾಲ್ಕು ಧೂಳಿನ ಕಣ ಮಿನುಗುತ್ತವೆ. ಅವು ಚಿತ್ರಕ್ಕೆ ಏನೂ ಮಾಡವು. ಹುಡುಕಬೇಕಾದದ್ದು ಬೇರೆ.

ಆ ಲೆನ್ಸಿನಲ್ಲಿ ಅದು ಸಿಕ್ಕಿತು. ಒಳಗಿನ ಒಂದು ಗಾಜಿನ ಅಂಚಿನಿಂದ ನಡುವಿಗೆ ಬಿಳಿಯ ಸಣ್ಣ ಎಳೆಗಳು, ಎಳೆಯಿಂದ ಕವಲು, ಕವಲಿನಿಂದ ಇನ್ನೊಂದು ಕವಲು. ಫಂಗಸ್. ನಮ್ಮ ಉಪ್ಪಿನಕಾಯಿಗೆ, ಚರ್ಮದ ಚಪ್ಪಲಿಗೆ ಬರುವ ಬೂಷ್ಟಿನ ಜಾತಿಯೇ ಅದು. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇರುತ್ತವೆ. ಗಾಳಿಯಲ್ಲಿ ತೇವ ಬಹಳ ದಿನ ನಿಂತು, ಕತ್ತಲೆಯೂ ಸೇರಿ, ತಿನ್ನಲು ಒಂದಿಷ್ಟು ಧೂಳು ಜಿಡ್ಡು ಸಿಕ್ಕರೆ ಗಾಜಿನ ಮೇಲೂ ಬೇರುಬಿಡುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಉಷ್ಣವಲಯದ ಕಾಡು, ದ್ವೀಪಗಳಲ್ಲಿದ್ದ ಸೈನ್ಯಗಳ ದುರ್ಬೀನುಗಳನ್ನು ಇದೇ ಬೂಷ್ಟು ಕಾಡಿತ್ತು. ಬೆಳೆಯುತ್ತಾ ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಮೆಕ್ಯಾನಿಕ್ ಎಳೆಗಳನ್ನು ಒರೆಸಿ ತೆಗೆಯಬಹುದು, ತಿಂದುಹೋದ ಲೇಪವನ್ನು ತಿರುಗಿ ತರಲಾರ.

ಲೆನ್ಸು ಎಲ್ಲಿತ್ತು ಎಂದು ಕೇಳಿದಾಗ ಅಂಗಡಿಯವರು ಮುಚ್ಚಿಡದೆ ಹೇಳಿದರು, ಮುಂಬೈನಿಂದ ಬಂದ ಮಾಲು. ಕಡಲ ಸೀಮೆಯಲ್ಲಿ ಮಳೆಗಾಲದ ತಿಂಗಳುಗಳುದ್ದಕ್ಕೂ ಚರ್ಮದ ಚೀಲದೊಳಗೆ, ಹೊಸತರಂತೆ ಕಾಪಾಡಬೇಕೆಂಬ ಪ್ರೀತಿಯಿಂದಲೇ ಮುಚ್ಚಿಟ್ಟ ಲೆನ್ಸು ಅದು. ದಿನಾ ಹೊರಗೆ ತೆಗೆದು ದುಡಿಸಿದ್ದರೆ ಹೀಗಾಗುತ್ತಿರಲಿಲ್ಲ. ಬೀದರ್ ಕಡೆಯ ಒಣ ಹವೆಯಲ್ಲಿ ಫಂಗಸ್ಸಿನ ಕಾಟ ಕಡಿಮೆ. ಇಲ್ಲಿನ ಲೆನ್ಸುಗಳ ಶತ್ರು ಕೆಂಪು ಧೂಳು, ಅದು ಫೋಕಸ್ ರಿಂಗಿನ ಸಂದಿಗೆ ಇಳಿದು ತಿರುಗಿಸಿದಾಗ ಕರಕರ ಎನ್ನುತ್ತದೆ. ಹೀಗೆ ಲೆನ್ಸು ಬಾಳಿದ ಊರು ಗೊತ್ತಾದರೆ ಯಾವ ರೋಗ ಹುಡುಕಬೇಕು ಎಂಬುದೂ ಗೊತ್ತಾಗುತ್ತದೆ.

ಮತ್ತೊಂದು ಅಂಗಡಿಯಲ್ಲಿ ಎಳೆಯೂ ಇಲ್ಲದ, ಗೀರೂ ಇಲ್ಲದ ಲೆನ್ಸು ತೋರಿಸಿದರು. ಟಾರ್ಚಿಗೆ ಹಿಡಿದರೆ ಒಳಗೆ ಚಳಿಗಾಲದ ಕಿಟಕಿಯಂತೆ ಒಂದೇ ಸಮನಾದ ಮಬ್ಬು. ಫೋಕಸ್ ರಿಂಗಿಗೆ ಹಚ್ಚಿದ ಗ್ರೀಸು ಬಿಸಿಲಿಗೆ ಆವಿಯಾಗಿ ಗಾಜಿನ ಮೇಲೆ ಕೂತರೆ ಹೀಗಾಗುತ್ತದೆ. ಬರಿಗಣ್ಣಿಗೆ ಕಾಣದ ಈ ಮಬ್ಬು ಫೋಟೊದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಎದುರು ಬೆಳಕಿದ್ದರೆ ಕಪ್ಪು ಬಣ್ಣ ಬೂದಿಯಾಗುತ್ತದೆ, ಇಡೀ ಚಿತ್ರಕ್ಕೆ ತೆಳು ಪರದೆ ಹೊದಿಸಿದಂತಾಗುತ್ತದೆ.

ಗಾಜಿನ ಮೇಲಿನ ಲೇಪ ನೋಡಲು ಟಾರ್ಚೂ ಬೇಡ, ಅಂಗಡಿಯ ಟ್ಯೂಬ್‌ಲೈಟೇ ಸಾಕು. ಲೆನ್ಸನ್ನು ಅದರ ಕೆಳಗೆ ಹಿಡಿದು ಮೆಲ್ಲಗೆ ಓರೆ ಮಾಡಿದರೆ ಒಳಗೆ ಒಂದರ ಹಿಂದೊಂದು ಪುಟ್ಟ ಟ್ಯೂಬ್‌ಲೈಟುಗಳು ಮೂಡುತ್ತವೆ, ಒಂದು ಹಸಿರು, ಒಂದು ನೇರಳೆ, ಒಂದು ಕೆಂಪು ಮಿಶ್ರಿತ ಹಳದಿ. ಒಂದೊಂದೂ ಒಂದೊಂದು ಗಾಜಿನ ಮೈಯಿಂದ ಚಿಮ್ಮಿದ ಪ್ರತಿಬಿಂಬ. ಆ ಬಣ್ಣವೇ ಲೇಪ ಇದೆ ಎಂಬುದಕ್ಕೆ ಸಾಕ್ಷಿ. ಎಲ್ಲಾದರೂ ಪ್ರತಿಬಿಂಬ ತುಂಡಾಗಿ ಬೆಳ್ಳಗೆ ಹೊಳೆದರೆ ಅಲ್ಲಿ ಲೇಪ ಸವೆದಿದೆ. ಅಂಗಿಯ ತುದಿಯಿಂದ ವರ್ಷಗಟ್ಟಲೆ ಒರೆಸಿದ ಲೆನ್ಸುಗಳಲ್ಲಿ ನಡುಭಾಗ ಹೀಗೆ ಬೋಳಾಗಿರುತ್ತದೆ. ಈ ಲೇಪ ಶೋಕಿಗೆ ಹಚ್ಚಿದ್ದಲ್ಲ. ಬರಿ ಗಾಜಿನ ಒಂದೊಂದು ಮೈಯೂ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. 1.8ಡಿ ಲೆನ್ಸಿನೊಳಗೆ ಐದು ಗುಂಪುಗಳಲ್ಲಿ ಆರು ಗಾಜುಗಳಿವೆ, ಅಂದರೆ ಗಾಳಿಗೆ ತೆರೆದ ಹತ್ತು ಮೈಗಳು. ಲೇಪವಿಲ್ಲದಿದ್ದರೆ ಬೆಳಕಿನ ಮೂರನೇ ಒಂದು ಭಾಗ ದಾರಿಯಲ್ಲೇ ಸೋರಿಹೋಗಿ ಚಿತ್ರವನ್ನು ಮಂಕು ಮಾಡುತ್ತಿತ್ತು. ಜರ್ಮನಿಯ ಕಾರ್ಲ್ ಝೈಸ್ ಕಂಪನಿಯಲ್ಲಿದ್ದ ಉಕ್ರೇನ್ ಮೂಲದ ವಿಜ್ಞಾನಿ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ಇದಕ್ಕೆ ಪರಿಹಾರವಾಗಿ ಲೇಪದ ವಿಧಾನಕ್ಕೆ ಪೇಟೆಂಟ್ ಪಡೆದರು. ಕೋಠಿಯ ಟ್ಯೂಬ್‌ಲೈಟಿನ ಕೆಳಗೆ ಕಂಡ ಹಸಿರು, ನೇರಳೆ ಗೆರೆಗಳ ಹಿಂದೆ ಇಷ್ಟು ಶ್ರಮವಿದೆ.

ಆ ದಿನ ಅವನು ಬರಿಗೈಯಲ್ಲಿ ವಾಪಸಾದ.

ಲೆನ್ಸು ಸಿಕ್ಕಿದ್ದು ಬಸವಕಲ್ಯಾಣದಲ್ಲಿ, ಮಾವನ ಗ್ಯಾರೇಜಿಗೆ ಬರುತ್ತಿದ್ದ ಒಬ್ಬರ ಸ್ಟುಡಿಯೊದಲ್ಲಿ. ಅವರು ಕ್ಯಾಮೆರಾದ ಜತೆ 1.8ಡಿ ಲೆನ್ಸನ್ನೂ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಕ್ಯಾಮೆರಾಕ್ಕೆ ಕೂಡಿಸಿದಾಗಲೆಲ್ಲ ಪರದೆಯ ಮೇಲೆ ‘ಎಫ್ ಇ ಇ’ ಎಂಬ ಮೂರು ಅಕ್ಷರ ಮಿನುಗಿ ಶಟರ್ ಬೀಳುತ್ತಲೇ ಇರಲಿಲ್ಲ. ಖರಾಬಾಗಿದೆ ಎಂದುಕೊಂಡು ಅಲಮಾರಿಯಲ್ಲಿ ಇಟ್ಟಿದ್ದರು. ಎಷ್ಟಾದರೂ ಕೊಡು, ಒಯ್ಯಿ ಎಂದರು.

ಕಾಕಾನ ಸ್ಟುಡಿಯೊದಲ್ಲಿ ಕೆಲಸ ಕಲಿತ ಹುಡುಗನಿಗೆ ಆ ಮೂರು ಅಕ್ಷರದ ಅರ್ಥ ಗೊತ್ತಿತ್ತು. ಡಿ ಮಾದರಿಯ ಲೆನ್ಸುಗಳ ಹಿಂಬದಿಯಲ್ಲಿ ಅಪರ್ಚರ್ ರಿಂಗು ಇರುತ್ತದೆ, ಫಿಲ್ಮ್ ಕಾಲದಲ್ಲಿ ಅದನ್ನು ಕೈಯಿಂದ ತಿರುಗಿಸುತ್ತಿದ್ದರು. ಡಿ90ಯಂಥ ಕ್ಯಾಮೆರಾ ಅಪರ್ಚರನ್ನು ತಾನೇ ನಡೆಸಬೇಕಾದರೆ ಆ ರಿಂಗು ಅತಿ ಸಣ್ಣ ಅಪರ್ಚರಿಗೆ, ಅಂದರೆ 22ಕ್ಕೆ ಬಂದು ನಿಂತಿರಬೇಕು. ಕಿತ್ತಳೆ ಬಣ್ಣದ ಆ ಅಂಕಿಗೆ ತಂದು ಪಕ್ಕದ ಪುಟ್ಟ ಗುಂಡಿಯನ್ನು ಸರಿಸಿದರೆ ಲಾಕ್ ಆಗುತ್ತದೆ, ಎಚ್ಚರಿಕೆಯ ಅಕ್ಷರ ಮಾಯವಾಗುತ್ತದೆ. ಯಾರೋ ರಿಂಗನ್ನು 8ರ ಹತ್ತಿರ ಬಿಟ್ಟಿದ್ದರು, ಅಷ್ಟೇ.

ಕೆಟ್ಟ ಮಾಲಿನ ಬೆಲೆ ಕೊಟ್ಟು ಒಳ್ಳೆಯ ಮಾಲನ್ನು ಜೇಬಿಗಿಳಿಸುವುದು ಅಲ್ಲಿ ಬಹಳ ಸುಲಭವಿತ್ತು. ಮಾವ ಜತೆಗಿದ್ದರು. ಹಳೆ ಗಾಡಿಯ ವ್ಯವಹಾರದಲ್ಲಿ ಅವರು ಪಾಲಿಸಿಕೊಂಡು ಬಂದ ಕಟ್ಟಳೆಯೊಂದಿತ್ತು, ಹಿಂದೆಯೇ ಅದನ್ನು ಅವನಿಗೆ ಹೇಳಿದ್ದರು: “ಮಾಲಿನ ಬಗ್ಗೆ ಮಾರೋನಕಿಂತ ನಿನಗ ಹೆಚ್ಚ ತಿಳಿದಿದ್ರ ಮೊದಲ ಅವಂಗ ಹೇಳು. ರೇಟಿನ ಮಾತು ಆಮ್ಯಾಲ.”

“ಅಣ್ಣಾ, ಇದು ಖರಾಬ್ ಆಗಿಲ್ರಿ,” ಎಂದು ಹುಡುಗ ರಿಂಗನ್ನು 22ಕ್ಕೆ ತಂದು ಲಾಕ್ ಮಾಡಿ ಕ್ಯಾಮೆರಾಕ್ಕೆ ಹಾಕಿ ತೋರಿಸಿದ. ಶಟರ್ ಬಿತ್ತು.

“ಅಲ್ಲೋ ತಮ್ಮಾ, ಇಷ್ಟ್ ದಿನ ಇದು ಸುಮ್ನೆ ಅಲಮಾರ್ಯಾಗ ಬಿದ್ದಿತ್ತಲ್ಲೋ!” ಎಂದರು ಅವರು. ಮಾರುವ ಮನಸ್ಸು ಬದಲಾಗಬಹುದಿತ್ತು. ಆದರೆ ಅವರು ವಿಡಿಯೊ ಕೆಲಸಕ್ಕೆ ಹೊರಳಿದ್ದರು, ಮಾತು ತಪ್ಪಲಿಲ್ಲ. ಚಹಾ ತರಿಸಿ, ಈಗ ಸರಿಯಾಗಿ ನೋಡು ಎಂದರು.

ಅವನು ನೋಡಿದ. ಫಿಲ್ಟರ್ ಅಂಚಿನಲ್ಲಿ ಒಂದು ಸಣ್ಣ ತಗ್ಗು. ಮುಂದಿನ ಗಾಜಿನಲ್ಲಿ ಅಂಚಿಗೆ ಹತ್ತಿರ ಒಂದು ಕೂದಲಿನಂಥ ಗೀರು. ಒಳಗೆ ಧೂಳಿದೆ, ಎಳೆಗಳಿಲ್ಲ, ಮಬ್ಬಿಲ್ಲ. ಹಿಂದಿನ ಗಾಜು ಚೊಕ್ಕ. ಮೌಂಟಿನ ಸ್ಕ್ರೂ ಯಾರೂ ಮುಟ್ಟಿಲ್ಲ. ಲೆನ್ಸು ಕಳಚಿ ಹಿಂಬದಿಯ ಪುಟ್ಟ ಸನ್ನೆಯನ್ನು, ಅಂದರೆ ಲಿವರನ್ನು, ಉಗುರಿನಿಂದ ಸರಿಸಿ ಬಿಟ್ಟರೆ ಅಪರ್ಚರಿನ ಏಳು ಬ್ಲೇಡುಗಳು ಟಕ್ಕನೆ ತೆರೆದು ಟಕ್ಕನೆ ಮುಚ್ಚಬೇಕು. ಬ್ಲೇಡಿಗೆ ಎಣ್ಣೆ ಹತ್ತಿದ್ದರೆ ಅವು ಸೋಮಾರಿಯಾಗಿ ಚಲಿಸುತ್ತವೆ, ಶಟರ್ ಬೀಳುವಷ್ಟರಲ್ಲಿ ಮುಚ್ಚಿಕೊಳ್ಳಲಾರದೆ ಫೋಟೊ ಅತಿ ಬೆಳ್ಳಗಾಗುತ್ತದೆ. ಕೆನಾನ್ ಕಂಪನಿಯ ಇಎಫ್ ಲೆನ್ಸುಗಳಲ್ಲಿ ಈ ಸನ್ನೆ ಇಲ್ಲ, 1987ರಿಂದಲೇ ಅವುಗಳ ಬ್ಲೇಡು ವಿದ್ಯುತ್ತಿನಿಂದ ನಡೆಯುತ್ತವೆ. ಅವನ್ನು ಕ್ಯಾಮೆರಾಕ್ಕೆ ಹಾಕಿಯೇ ಪರೀಕ್ಷಿಸಬೇಕು.

ಆಮೇಲೆ ಅಲ್ಲಿದ್ದ ದಿನಪತ್ರಿಕೆಯ ಒಂದು ಪುಟವನ್ನು ಗೋಡೆಗೆ ಸಪಾಟಾಗಿ ಅಂಟಿಸಿ, ಕ್ಯಾಮೆರಾವನ್ನು ಮೇಜಿನ ಮೇಲೆ ಅದಕ್ಕೆ ನೇರವಾಗಿ ಇಟ್ಟು 1.8, 4, 8, 16ರಲ್ಲಿ ಒಂದೊಂದು ಫೋಟೊ ತೆಗೆದ. ದೊಡ್ಡದು ಮಾಡಿ ನೋಡಿದಾಗ ನಾಲ್ಕು ಮೂಲೆಯ ಜಾಹೀರಾತಿನ ಅಕ್ಷರಗಳೂ ಒಂದೇ ಹದದಲ್ಲಿದ್ದವು. 1.8ರಲ್ಲಿ ಮೂಲೆಗಳು ಕೊಂಚ ಮೆದು, 8ಕ್ಕೆ ಬಂದಾಗ ಎಲ್ಲ ಅಕ್ಷರ ಕೆತ್ತಿದಂತೆ. ಬೆಳಕೂ ನಾಲ್ಕರಲ್ಲಿ ಒಂದೇ ಸಮ ಇತ್ತು, ಅಂದರೆ ಬ್ಲೇಡು ಹೇಳಿದ ಮಾತು ಕೇಳುತ್ತಿವೆ. ಅಂಚಿನ ತಗ್ಗು ಒಳಗಿನ ಗಾಜನ್ನು ಸರಿಸಿಲ್ಲ ಎಂಬುದು ಮೂಲೆಗಳಿಂದ ಖಚಿತವಾಯಿತು. ಡಿ90ಯ ಸೆನ್ಸರ್ ಸಣ್ಣದು, ಲೆನ್ಸು ಮೂಡಿಸುವ ಚಿತ್ರದ ನಡುಭಾಗವನ್ನಷ್ಟೇ ತೆಗೆದುಕೊಳ್ಳುತ್ತದೆ. ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ ಹಾಕುವವರಾದರೆ ಮೂಲೆಗಳನ್ನು ಅದರಲ್ಲೇ ಹಾಕಿ ಮತ್ತೆ ನೋಡಬೇಕಾಗುತ್ತದೆ. ಬೆಲೆ ಕೂಡಿತು. ಹೊಸದರ ಅರ್ಧಕ್ಕಿಂತ ಒಂದಿಷ್ಟು ಹೆಚ್ಚು, ಇಬ್ಬರಿಗೂ ಒಪ್ಪುವಂತೆ.

ಲೆನ್ಸಿನ ನಿಜವಾದ ಪರೀಕ್ಷೆಗೆ ಅವನು ಹೋದದ್ದು ಹುಮನಾಬಾದಿನ ಹತ್ತಿರದ ಜಲಸಂಗಿಗೆ. ಅಲ್ಲಿನ ಕಲ್ಯಾಣ ಚಾಲುಕ್ಯರ ಕಾಲದ ಶಿವಾಲಯದ ಹೊರಗೋಡೆಯ ಮೇಲೆ ಶಿಲಾಬಾಲಿಕೆಯರ ಸಾಲೇ ಇದೆ. ಅವರಲ್ಲೊಬ್ಬಳು ಕಲ್ಲಿನ ಮೇಲೆ ಶಾಸನ ಬರೆಯುತ್ತಿದ್ದಾಳೆ. ಬರಹಗಾರ್ತಿಯ ಈ ಶಿಲ್ಪ ನಾಡಿನ ಶಿಲ್ಪ ಚರಿತ್ರೆಯಲ್ಲೇ ಅಪೂರ್ವ. ಅವಳು ಬರೆಯುತ್ತಿರುವ ಸಾಲಿನಲ್ಲಿ 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಇದೆ. ಬೇಮಳಖೇಡದ ಹುಡುಗ ಶಾಲೆಯ ಪ್ರವಾಸದಲ್ಲಿ ಅವಳನ್ನು ನೋಡಿದ್ದ. ಜೂಮ್ ಲೆನ್ಸಿನಲ್ಲಿ ತೆಗೆದ ಫೋಟೊದಲ್ಲಿ ಅವಳ ನಿಲುವು ಬಂದಿತ್ತು, ಅಕ್ಷರಗಳು ಕಲ್ಲಿನ ಒರಟಿನಲ್ಲಿ ಕಲಸಿಹೋಗಿದ್ದವು.

ಓರೆ ಬಿಸಿಲು ಬೀಳುವ ಹೊತ್ತಿಗೆ ಕಾದು ನಿಂತ. ಅಕ್ಷರದ ಒಂದೊಂದು ತಗ್ಗಿನಲ್ಲೂ ನೆರಳು ತುಂಬಿಕೊಂಡಾಗ 1.8ರಲ್ಲಿ ಮೊದಲ ಫೋಟೊ ತೆಗೆದ. ಅವಳ ಕೈಯ ಬೆರಳು ಚೂಪು, ಅಕ್ಷರಗಳು ಮೆದು. 8ಕ್ಕೆ ಇಳಿಸಿ, ಉಸಿರು ಬಿಗಿಹಿಡಿದು ಮತ್ತೆ ತೆಗೆದ. ಬೆರಳಿನ ಗೆಣ್ಣು, ಬಳೆಯ ಸಾಲು, ಕೊರೆದ ಅಕ್ಷರದ ಅಂಚು, ಕಾಲ ತಿಂದು ಸವೆದ ಜಾಗ ಎಲ್ಲವೂ ಬೇರೆ ಬೇರೆಯಾಗಿ ನಿಂತವು. ಆಮೇಲೆ ಬೇಕೆಂದೇ ಸೂರ್ಯನ ಕಡೆಗೆ ತಿರುಗಿ ಗುಡಿಯ ಫೋಟೊ ತೆಗೆದ. ಗೀರು ಆಗ ಮಾತ್ರ ತನ್ನ ಇರವನ್ನು ತೋರಿಸಿತು, ಚಿತ್ರದ ಒಂದು ಬದಿಗೆ ತೆಳುವಾದ ಬಿಳಿ ಛಾಯೆ. ಲೆನ್ಸಿನ ಮುಂದೆ ಅಂಗೈ ಅಡ್ಡ ಹಿಡಿದು ಬಿಸಿಲು ತಡೆದರೆ ಅದೂ ಇಲ್ಲ. ಹೀಗೆ ಲೆನ್ಸಿನ ಶಕ್ತಿಯ ಜತೆ ಅದರ ಊನದ ಗಡಿಯೂ ಅವನಿಗೆ ತಿಳಿಯಿತು. ಮುಂದೆ ವರ್ಷಗಟ್ಟಲೆ ಮದುವೆ, ನಾಮಕರಣ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರದ ದತ್ತ ಜಯಂತಿ ಎಲ್ಲವನ್ನೂ ಅವನು ಆ ಲೆನ್ಸಿನಿಂದಲೇ ತೆಗೆದ. ಅದು ಕೆಲಸ ಕೊಟ್ಟ ರೀತಿಗೆ ಅವನಿಗೆ ಇಂದಿಗೂ ಕೃತಜ್ಞತೆಯಿದೆ.

ಈಗ ಅವನದೇ ಒಂದು ಸ್ಟುಡಿಯೊ ಇದೆ, ಅಲ್ಲಿಗೆ ಹಳೆ ಲೆನ್ಸು ಹಿಡಿದು ಬರುವವರ ಸಂಖ್ಯೆ ಹೆಚ್ಚಿದೆ. 2018ರಲ್ಲಿ ನಿಕಾನ್ ತನ್ನ ಝಡ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳನ್ನು ತಂದಿತು. ಅವಕ್ಕೆ ಹಳೆ ಲೆನ್ಸು ಕೂಡಿಸುವ ನಿಕಾನಿನದೇ ಅಡಾಪ್ಟರಿನಲ್ಲಿ ಡಿ ಮಾದರಿಯ ಲೆನ್ಸು ನಡೆಸುವ ಮೋಟಾರಿಲ್ಲ, ಫೋಕಸ್ಸನ್ನು ಕೈಯಿಂದಲೇ ಮಾಡಬೇಕು. ಆದ್ದರಿಂದ ಮದುವೆ ಛಾಯಾಗ್ರಾಹಕರು ಆ ಲೆನ್ಸುಗಳನ್ನು ಮಾರುತ್ತಿದ್ದಾರೆ, ಕಾಲೇಜಿನ ಹುಡುಗರು ಕೊಳ್ಳುತ್ತಿದ್ದಾರೆ. ಬಂದವರಿಗೆ ಅವನು ಮೊದಲು ಕೇಳುವ ಪ್ರಶ್ನೆ: ಯಾವ ಕ್ಯಾಮೆರಾಕ್ಕೆ? ನಿಕಾನ್ ಡಿ3000, ಡಿ5000 ಸರಣಿಯ ಕ್ಯಾಮೆರಾಗಳೊಳಗೂ ಆ ಮೋಟಾರಿಲ್ಲ. ಲೆನ್ಸು ಎಷ್ಟೇ ಚೊಕ್ಕವಾಗಿದ್ದರೂ ಅಲ್ಲಿ ತಾನಾಗಿ ಫೋಕಸ್ ಆಗದು, ಆಮೇಲೆ ಲೆನ್ಸನ್ನು ಬೈಯುವುದರಲ್ಲಿ ಅರ್ಥವಿಲ್ಲ. ಒಳಗೇ ಮೋಟಾರಿರುವ ಲೆನ್ಸಾದರೆ ಹತ್ತಿರದಿಂದ ದೂರಕ್ಕೆ, ದೂರದಿಂದ ಹತ್ತಿರಕ್ಕೆ ಫೋಕಸ್ ಓಡಿಸಿ ಕಿವಿಗೊಡಬೇಕು. ಕೀಚು ದನಿ ಬಂದರೆ ಮೋಟಾರಿನ ಆಯುಷ್ಯ ಮುಗಿಯುತ್ತಿದೆ.

ಕಳೆದ ಮಳೆಗಾಲದಲ್ಲಿ ಬೇಮಳಖೇಡದ ಕಡೆಯಿಂದಲೇ ಒಬ್ಬ ಹುಡುಗಿ ಬಂದಿದ್ದಳು, ಬೀದರಿನ ಕಾಲೇಜಿನಲ್ಲಿ ಓದುವವಳು. ಹಕ್ಕಿಗಳ ಫೋಟೊ ತೆಗೆಯಲು 70-300 ಎಂಎಂ ಜೂಮ್ ಲೆನ್ಸೊಂದನ್ನು ಮೊಬೈಲಿನಲ್ಲಿ ನೋಡಿ ಮುಂಗಡ ಕೊಡುವುದರಲ್ಲಿದ್ದಳು. ಮಾರುವವರು ಕಳಿಸಿದ ಫೋಟೊಗಳೆಲ್ಲ ಲೆನ್ಸಿನ ಹೊರಮೈಯವು. ಟಾರ್ಚ್ ಹಾಕಿದ ಒಂದು ವಿಡಿಯೊ, ಸೀರಿಯಲ್ ನಂಬರಿನ ಒಂದು ಫೋಟೊ, ಬಿಳಿ ಗೋಡೆಯನ್ನು 16ರಲ್ಲಿ ತೆಗೆದ ಒಂದು ಚಿತ್ರ ಕೇಳು ಎಂದ ಅವನು. ಅವಳು ಕೇಳಿದಳು. ವಿಡಿಯೊ ಬಂತು, ಒಳಗೆ ಅಂಚಿನಲ್ಲಿ ಸಣ್ಣ ಎಳೆಗಳಿದ್ದವು. ಮಾರುವವರಿಗೂ ಅದು ಗೊತ್ತಿರಲಿಲ್ಲ. ಅವರು ಬೆಲೆ ಇಳಿಸಿದರು. ಅವಳು ಸ್ವಚ್ಛ ಮಾಡಿಸುವ ಖರ್ಚಿನ ಲೆಕ್ಕ ಹಾಕಿದಳು, ಅವರು ಒಪ್ಪಿದ ಬೆಲೆಗೆ ಅದನ್ನು ಸೇರಿಸಿದರೆ ಇನ್ನೊಂದು ಚೊಕ್ಕ ಲೆನ್ಸೇ ಬರುತ್ತದೆಂದು ಕಂಡು ಕೈಬಿಟ್ಟಳು. ಎರಡು ತಿಂಗಳ ನಂತರ ಬೇರೊಂದನ್ನು ಹುಮನಾಬಾದಿನಲ್ಲೇ ಕೈಯಾರೆ ನೋಡಿ ಕೊಂಡಳು. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಅದನ್ನು ಇಟ್ಟುಕೊಂಡಿದ್ದಾಳೆ, ಪೊಟ್ಟಣದ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸುತ್ತಾಳೆ.

ತಾನು ಮಾರುವಾಗ ಅವನು ಒಂದು ಪದ್ಧತಿ ಇಟ್ಟುಕೊಂಡಿದ್ದಾನೆ. ಬಿಲ್ಲಿನ ಮೇಲೆ ಲೆನ್ಸಿನ ಸೀರಿಯಲ್ ನಂಬರ್ ಬರೆದು, ಅದರ ಕೆಳಗೆ ಊನಗಳನ್ನು ಒಂದೊಂದಾಗಿ ಬರೆಯುತ್ತಾನೆ: ಮುಂದಿನ ಗಾಜಿನಲ್ಲಿ ಗೀರು, ಅಂಚಿಗೆ, ಒಳಗೆ ಧೂಳು, ಫೋಕಸ್ ರಿಂಗು ಬಿಗಿ. ಆ ಲೆನ್ಸಿನಿಂದಲೇ 1.8ರಲ್ಲಿ ಒಂದು, 16ರಲ್ಲಿ ಒಂದು ಚಿತ್ರ ತೆಗೆದು ಕೊಳ್ಳುವವರ ಮೊಬೈಲಿಗೆ ಕಳಿಸುತ್ತಾನೆ. ಮೂರು ದಿನ ಬಳಸಿ ನೋಡಿ, ಬಿಲ್ಲಿನಲ್ಲಿ ಬರೆಯದ ಊನ ಕಂಡರೆ ವಾಪಸು ತರಬಹುದು. ಬಸವಕಲ್ಯಾಣದಲ್ಲಿ ಕೊಂಡ ಹಳೆ 50 ಎಂಎಂ ಲೆನ್ಸಿಗೂ ಹೀಗೇ ಬಿಲ್ಲು ಬರೆದು ಕೊಟ್ಟಿದ್ದಾನೆ. ಈಗ ಅದು ಚಿಟಗುಪ್ಪದ ಒಂದು ಸ್ಟುಡಿಯೊದಲ್ಲಿ, ಪಾಸ್‌ಪೋರ್ಟ್ ಅಳತೆಯ ಫೋಟೊ ತೆಗೆಯುವ ಕೆಲಸದಲ್ಲಿದೆ.